ವಿಂಡೋಸ್ 11 ಬಂತು, ಆಕ್ಟಿವೇಶನ್ ಹೋಯಿತು: ವಿಎಂ ಅಪ್‌ಗ್ರೇಡ್ ಮಾಡಿದ ನನ್ನ ಅನುಭವ

ಬೆಳಗ್ಗೆ ಹತ್ತಕ್ಕೆ ಅಕೌಂಟ್ಸ್ ಮೇಡಂ ಫೋನ್ ಮಾಡಿದರು. "ಸ್ಕ್ರೀನ್ ಬಲಮೂಲೆಯಲ್ಲಿ ಏನೋ ಮಸುಕಾಗಿ ಬರ್ತಿದೆ, ಆಕ್ಟಿವೇಟ್ ವಿಂಡೋಸ್ ಅಂತ. ವೈರಸ್ ಏನಾದ್ರೂ ಬಂತಾ?"

ವೈರಸ್ ಅಲ್ಲ ಮೇಡಂ, ನಾನೇ ಮಾಡಿದ್ದು ಅಂತ ಹೇಳೋಕೆ ಸ್ವಲ್ಪ ಧೈರ್ಯ ಬೇಕಾಯಿತು. ವಿಂಡೋಸ್‌ಗೆ ತನ್ನ ಲೈಸೆನ್ಸ್ ಖಾತ್ರಿಯಾಗದಿದ್ದಾಗ, ಅಂದರೆ ಆಕ್ಟಿವೇಶನ್ ಹೋದಾಗ, ಬರುವ ಸಾಲು ಅದು. ವಿಂಡೋಸ್ 10ಕ್ಕೆ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆ ಎಂದು ಗೊತ್ತಿದ್ದೂ ಕೊನೆಯ ಹದಿನೈದು ದಿನದವರೆಗೆ ಕೈಕಟ್ಟಿ ಕೂತಿದ್ದೆ. ಆಮೇಲೆ ಒಂದೇ ವಾರಾಂತ್ಯದಲ್ಲಿ ಎಲ್ಲಾ ವಿಎಂಗಳನ್ನೂ (ವರ್ಚುವಲ್ ಮಷಿನ್, ಅಂದರೆ ಸರ್ವರ್ ಒಳಗೆ ಸಾಫ್ಟ್‌ವೇರ್ ಆಗಿ ಓಡುವ ಕಂಪ್ಯೂಟರ್) 11ಕ್ಕೆ ಏರಿಸಲು ಹೊರಟೆ. ನಮ್ಮದು ಚಿಕ್ಕ ಆಫೀಸು. ಒಂದೇ ಸರ್ವರ್, ಅದರ ಮೇಲೆ ವಿಂಡೋಸ್ ಸರ್ವರ್ 2019 ಡೇಟಾಸೆಂಟರ್, ವಿಎಂಗಳನ್ನು ಓಡಿಸಲು ಅದರದೇ ಹೈಪರ್-ವಿ. ಐಟಿ ಅಂದರೆ ನಾನೊಬ್ಬನೇ.

ಮೇಡಂ ಅವರ ವಿಎಂ ಹಳೆಯದು. ಡಬ್ಬಿಯಲ್ಲಿ ಕೊಂಡ ರಿಟೇಲ್ ವಿಂಡೋಸ್ 7ರಿಂದ ಶುರುವಾಗಿ, 2016ರಲ್ಲಿ ಬಿಟ್ಟಿ ಅಪ್‌ಗ್ರೇಡ್ ಇದ್ದಾಗ 10 ಆಗಿತ್ತು. ಹೈಪರ್-ವಿ ಭಾಷೆಯಲ್ಲಿ ಅದು ಜನರೇಶನ್ 1, ಅಂದರೆ ಮಷಿನ್ ಎಬ್ಬಿಸುವುದು ಹಳೇ ಕಾಲದ ಬಯಾಸ್. ವಿಂಡೋಸ್ 11ಕ್ಕೆ ಬಯಾಸ್‌ನ ಹೊಸ ರೂಪವಾದ ಯುಇಎಫ್ಐ ಬೇಕು, ಸೆಕ್ಯೂರ್ ಬೂಟ್ ಬೇಕು, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇವು ಸಿಗುವುದು ಜನರೇಶನ್ 2ರಲ್ಲಿ. ಒಂದು ವಿಎಂ ಅನ್ನು 1ರಿಂದ 2ಕ್ಕೆ ಬದಲಾಯಿಸುವ ಬಟನ್ ಹೈಪರ್-ವಿಯಲ್ಲಿ ಇಲ್ಲ. ಹಾಗಾಗಿ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಒಳಗಿನ ಡಿಸ್ಕನ್ನು ಎಂಬಿಆರ್2ಜಿಪಿಟಿ ಎಂಬ ಟೂಲ್ ಓಡಿಸಿ ಯುಇಎಫ್ಐಗೆ ಒಪ್ಪುವಂತೆ ಬದಲಾಯಿಸಿದೆ, ವಿಎಂ ಆಫ್ ಮಾಡಿದೆ. ಜನರೇಶನ್ 2 ಹಳೆಯ ಮಾದರಿಯ ವಿಎಚ್‌ಡಿ ಡಿಸ್ಕ್ ಫೈಲನ್ನು ಮುಟ್ಟುವುದಿಲ್ಲ, ಅದಕ್ಕೆ ಅದನ್ನು ವಿಎಚ್‌ಡಿಎಕ್ಸ್ ಮಾಡಿದೆ. ಹೊಸ ಜನರೇಶನ್ 2 ವಿಎಂ ಸೃಷ್ಟಿಸಿ ಅದಕ್ಕೆ ಈ ಡಿಸ್ಕ್ ಸಿಕ್ಕಿಸಿದೆ, ಟಿಪಿಎಂ ಟಿಕ್ ಹಾಕಿದೆ, ಬೂಟ್ ಆದ ತಕ್ಷಣ 11ರ ಐಎಸ್ಒ (ಇನ್‌ಸ್ಟಾಲ್ ಫೈಲ್) ಹಾಕಿ ಸೆಟಪ್ ಓಡಿಸಿ ಮನೆಗೆ ಹೋದೆ. ಸೆಟಪ್ ಒಂದು ಮಾತೂ ಆಡಲಿಲ್ಲ, ಎಲ್ಲಾ ಸಲೀಸು.

ಎರಡು ದಿನ ನಾನು ವಿಂಡೋಸ್ 11ನ್ನೇ ಬೈದೆ. ಲೈಸೆನ್ಸ್ ಟ್ರಬಲ್‌ಶೂಟರ್ ಓಡಿಸಿದೆ, ಸರ್ವೀಸ್ ರೀಸ್ಟಾರ್ಟ್ ಮಾಡಿದೆ, ಹಾರ್ಡ್‌ವೇರ್ ಬದಲಾಗಿದೆ ಎನ್ನುವ ಎಫ್211 ಎರರ್ ಕಣ್ಣೆದುರಿಗೇ ಇದ್ದರೂ "ವಿಎಂಗೆ ಎಂಥ ಹಾರ್ಡ್‌ವೇರು" ಅಂತ ನಕ್ಕು ಮುಂದೆ ಹೋದೆ. ಮೂರನೇ ದಿನ ಸುಮ್ನೆ ಒಂದು ಪರೀಕ್ಷೆ ಮಾಡಿದೆ. ಅಪ್‌ಗ್ರೇಡ್‌ಗೆ ಮೊದಲು ತೆಗೆದಿಟ್ಟ ಡಿಸ್ಕ್ ಕಾಪಿಯನ್ನು ಹಳೆಯ ವಿಎಂನಲ್ಲಿ ಬೂಟ್ ಮಾಡಿದೆ: ವಿಂಡೋಸ್ 10, ಆಕ್ಟಿವೇಟ್ ಆಗಿದೆ. ಅದೇ ಕಾಪಿಯನ್ನು ಬದಲಾಯಿಸಿ ಹೊಸ ಜನರೇಶನ್ 2 ವಿಎಂನಲ್ಲಿ ಬೂಟ್ ಮಾಡಿದೆ, 11ರ ಐಎಸ್ಒ ಹತ್ತಿರವೂ ತರಲಿಲ್ಲ: ವಿಂಡೋಸ್ 10, ಆಕ್ಟಿವೇಟ್ ಆಗಿಲ್ಲ!

ಅಂದರೆ ಅಪ್‌ಗ್ರೇಡ್‌ದು ಏನೂ ತಪ್ಪಿರಲಿಲ್ಲ. ಲೈಸೆನ್ಸ್ ಹೋಗಿದ್ದು ಅದಕ್ಕಿಂತ ಮೊದಲೇ, ನಾನು ಹೊಸ ವಿಎಂ ಮಾಡಿದ ಗಳಿಗೆಯಲ್ಲಿ. ನಮಗೆ ಅದೇ ಡಿಸ್ಕ್, ಅದೇ ಹೆಸರು, ಅದೇ ಮಷಿನ್. ಆಕ್ಟಿವೇಶನ್ ಸರ್ವರ್‌ಗೆ ಮಾತ್ರ ಬಯಾಸ್ ಐಡಿ ಬೇರೆ, ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸ ಬೇರೆ, ಹಾಗಾಗಿ ಇದು ಯಾರೋ ಹೊಸಬರು. ಡಿಜಿಟಲ್ ಲೈಸೆನ್ಸ್ (ಮೈಕ್ರೋಸಾಫ್ಟ್ ಸರ್ವರ್‌ನಲ್ಲಿ ದಾಖಲಾಗಿರುವ ಲೈಸೆನ್ಸ್) ಅಂಟಿಕೊಂಡಿರುವುದು ಆ ಗುರುತಿಗೆ, ನಮ್ಮ ಡಿಸ್ಕಿಗಲ್ಲ. ಹೈಪರ್-ವಿಯಂಥದ್ದೇ ಇನ್ನೊಂದಾದ ವಿಎಂವೇರ್‌ನಲ್ಲಿ ವಿಎಂ ಫೋಲ್ಡರ್ ಕಾಪಿ ಮಾಡಿ ಆನ್ ಮಾಡಿದಾಗ "ಮೂವ್ ಮಾಡಿದಿರಾ, ಕಾಪಿ ಮಾಡಿದಿರಾ" ಎಂದು ಕೇಳುತ್ತದಲ್ಲ, ಅದೂ ಇದಕ್ಕೇ. ಕಾಪಿ ಅಂದರೆ ಹೊಸ ಐಡಿ, ಹೊಸ ಮ್ಯಾಕ್. ಇಷ್ಟು ವರ್ಷ ಆ ಪ್ರಶ್ನೆಗೆ ಓದದೆಯೇ ಎಂಟರ್ ಒತ್ತುತ್ತಿದ್ದೆ.

ಪುಣ್ಯಕ್ಕೆ ಮೇಡಂ ಅವರ ಹಳೆಯ ವಿಎಂ ಇನ್ನೂ ಅಳಿಸಿರಲಿಲ್ಲ. ಹೊಸದನ್ನು ಆಫ್ ಮಾಡಿ ಹಳೆಯದನ್ನು ಎಬ್ಬಿಸಿದೆ. ಅದರಲ್ಲಿ ಅಡ್ಮಿನ್ ಯೂಸರ್‌ಗೆ ಒಂದು ಮೈಕ್ರೋಸಾಫ್ಟ್ ಅಕೌಂಟ್ ಸೇರಿಸಿದೆ. ಕಂಪನಿಯ ವರ್ಕ್ ಅಕೌಂಟ್ ಇದಕ್ಕೆ ನಡೆಯುವುದಿಲ್ಲ, ಪರ್ಸನಲ್ ತರಹದ್ದೇ ಬೇಕು. ಅದಕ್ಕಾಗಿ ಆಫೀಸಿನ ಹೆಸರಲ್ಲಿ ಒಂದು ಹೊಸದು ತೆರೆದೆ. ಆಕ್ಟಿವೇಶನ್ ಪುಟದಲ್ಲಿ ಲೈಸೆನ್ಸ್ ಈ ಅಕೌಂಟಿಗೆ ಲಿಂಕ್ ಆಗಿದೆ ಎಂಬ ಸಾಲು ಬರುವವರೆಗೆ ಕಾದೆ. ಆಮೇಲೆ ಹಳೆಯದನ್ನು ಆಫ್ ಮಾಡಿ, ಹೊಸದರಲ್ಲಿ ಅದೇ ಅಕೌಂಟಿಂದ ಲಾಗಿನ್ ಆಗಿ, ಟ್ರಬಲ್‌ಶೂಟರ್‌ನಲ್ಲಿ "ಇತ್ತೀಚೆಗೆ ಹಾರ್ಡ್‌ವೇರ್ ಬದಲಾಯಿಸಿದೆ" ಎನ್ನುವುದನ್ನು ಒತ್ತಿ, ಪಟ್ಟಿಯಲ್ಲಿ ಹಳೆಯ ಮಷಿನ್ ಹೆಸರು ಆರಿಸಿದೆ. ಅರ್ಧ ನಿಮಿಷ. ಆಕ್ಟಿವೇಟ್ ಆಯಿತು.

ಇದೇ ಕಾಲದ, ಇದೇ ತರದ ಇನ್ನೊಂದು ವಿಎಂ ಇತ್ತು, ಸ್ಟೋರ್ಸ್ ವಿಭಾಗದ್ದು. ಅದರ ಹಳೆಯ ವಿಎಂ ಮತ್ತು ಡಿಸ್ಕ್ ಎರಡನ್ನೂ ಜಾಗ ಉಳಿಸಲು ಭಾನುವಾರ ರಾತ್ರಿಯೇ ಅಳಿಸಿಬಿಟ್ಟಿದ್ದೆ. ಡಬ್ಬಿ ಹುಡುಕಿ ವಿಂಡೋಸ್ 7ರ ಕೀ ಹಾಕಿ ನೋಡಿದೆ. ಮೊದಲೆಲ್ಲ 7ರ ಕೀ ಹಾಕಿದರೂ 10, 11 ಒಪ್ಪಿಕೊಳ್ಳುತ್ತಿದ್ದವು. ಆ ದಾರಿ 2023ರ ಸೆಪ್ಟೆಂಬರ್‌ನಲ್ಲಿ ಮುಚ್ಚಿದೆ. ಹೊಸ ಲೈಸೆನ್ಸ್ ಕೊಂಡೆವು. ಬಾಸ್ ಏನೂ ಅನ್ನಲಿಲ್ಲ, ಬಿಲ್ ಮಾತ್ರ ಎರಡು ಸಲ ಓದಿದರು.

ಈಗ ಯಾವುದೇ ವಿಎಂ ಮುಟ್ಟುವ ಮೊದಲು ಒಂದು ಕಮಾಂಡ್ ಓಡಿಸಿ ಸ್ಕ್ರೀನ್‌ಶಾಟ್ ಇಡುತ್ತೇನೆ: ಎಸ್‌ಎಲ್‌ಎಂಜಿಆರ್ /ಡಿಎಲ್‌ವಿ (slmgr /dlv). ಅದರಲ್ಲಿ ಕೀ ಯಾವ ಚಾನೆಲ್‌ದು ಎಂದು ಇರುತ್ತದೆ: ರಿಟೇಲಾ (ಅಂಗಡಿಯಲ್ಲಿ ಕೊಂಡದ್ದು), ಒಇಎಮ್ಮಾ (ಮಷಿನ್ ಜತೆಗೇ ಬಂದದ್ದು), ವಾಲ್ಯೂಮಾ (ಕಂಪನಿಗೆ ಸಗಟಾಗಿ ಕೊಂಡದ್ದು). ಕೀಯ ಕೊನೆಯ ಐದು ಅಕ್ಷರವೂ ಕಾಣುತ್ತದೆ. ಪ್ರೊ ಮಷಿನ್‌ನಲ್ಲಿ ಅದು 3ವಿ66ಟಿ ಎಂದಿದ್ದರೆ ಖುಷಿಪಡಬೇಡಿ, ಅದು ಎಲ್ಲರಿಗೂ ಒಂದೇ ಆದ ಜೆನೆರಿಕ್ ಕೀ. ಅದನ್ನು ಬರೆದಿಟ್ಟುಕೊಂಡರೆ ಏನೂ ಪ್ರಯೋಜನವಿಲ್ಲ, ನಿಮ್ಮ ಲೈಸೆನ್ಸ್ ಇರುವುದು ಆ ವಿಎಂನ ಗುರುತಿನಲ್ಲಿ ಮಾತ್ರ.

ಟೆಸ್ಟಿಂಗ್ ಟೀಮಿನ 32 ವಿಎಂಗಳದ್ದು ಬೇರೆಯೇ ಕಥೆ. ಅವು ಎಂಟರ್‌ಪ್ರೈಸ್, ವಾಲ್ಯೂಮ್ ಲೈಸೆನ್ಸ್. ಮೊದಲು ಮ್ಯಾಕ್ ಕೀ ಇತ್ತು (ನೆಟ್‌ವರ್ಕ್ ಮ್ಯಾಕ್ ಅಲ್ಲ, ಎಂಎಕೆ: ಇಷ್ಟೇ ಸಲ ಆಕ್ಟಿವೇಟ್ ಮಾಡಬಹುದು ಎಂಬ ಲೆಕ್ಕವಿರುವ ಕೀ). ಟೆಸ್ಟಿಂಗ್ ಹುಡುಗರು ದಿನಾ ಬೆಳಗ್ಗೆ ಹಳೆಯ ಚೆಕ್‌ಪಾಯಿಂಟ್‌ಗೆ (ವಿಎಂನ ಆ ಹೊತ್ತಿನ ಸ್ಥಿತಿ ಉಳಿಸಿಟ್ಟದ್ದು) ಹಿಂದೆ ಹೋಗುತ್ತಾರೆ. ಚೆಕ್‌ಪಾಯಿಂಟ್ ಆಕ್ಟಿವೇಶನ್‌ಗಿಂತ ಹಳೆಯದಾಗಿದ್ದರೆ ಆಕ್ಟಿವೇಶನ್ನೂ ಹಿಂದೆ ಹೋಗುತ್ತದೆ, ಮತ್ತೆ ಮಾಡಿದರೆ ಎಂಎಕೆಯ ಲೆಕ್ಕದಲ್ಲಿ ಇನ್ನೊಂದು ಖರ್ಚು. ಅದಕ್ಕೆ 11ಕ್ಕೆ ಹೋಗುವಾಗ ಕೆಎಂಎಸ್ ಮಾಡೋಣ ಎಂದುಕೊಂಡೆ. ಕೆಎಂಎಸ್ ಅಂದರೆ ಆಫೀಸಿನೊಳಗಿನ ಸರ್ವರೇ ಆಕ್ಟಿವೇಟ್ ಮಾಡಿಕೊಡುವುದು. ಒಮ್ಮೆ ಆದರೆ 180 ದಿನ ನಡೆಯುತ್ತದೆ, 7 ದಿನಕ್ಕೊಮ್ಮೆ ತಾನೇ ನವೀಕರಿಸಿಕೊಳ್ಳುತ್ತದೆ. ಒಂದೇ ಷರತ್ತು: ಕನಿಷ್ಠ 25 ಮಷಿನ್ ಬಂದು ಕೇಳುವವರೆಗೆ ಡೆಸ್ಕ್‌ಟಾಪ್ ವಿಂಡೋಸ್ ಯಾವುದಕ್ಕೂ ಕೊಡುವುದಿಲ್ಲ. ನಮ್ಮಲ್ಲಿ 32 ಇವೆಯಲ್ಲ, ಇನ್ನೇನು?

ಒಂದು ಟೆಂಪ್ಲೇಟ್ ವಿಎಂ ಅನ್ನು 11 ಮಾಡಿ, ಅದರಿಂದ 32 ಕ್ಲೋನ್ ತೆಗೆದೆ. ಎಲ್ಲದರಲ್ಲೂ ಎಫ್038 ಎರರ್. ನಾನು ಅದನ್ನು ಎಫ್074 ಎಂಬಂತೆ ಭಾವಿಸಿ, ಅಂದರೆ ಕೆಎಂಎಸ್ ಸರ್ವರ್ ಸಿಗುತ್ತಿಲ್ಲ ಎಂದುಕೊಂಡು, ಫೈರ್‌ವಾಲ್‌ನಲ್ಲಿ 1688 ಪೋರ್ಟ್ ಹಿಂದೆ ಅರ್ಧ ದಿನ ಕಳೆದೆ. ಎಫ್038 ಹೇಳುವುದು ಬೇರೆ: ಸರ್ವರ್ ಸಿಕ್ಕಿದೆ, ಲೆಕ್ಕ ಸಾಲದು. ಸರ್ವರ್‌ನಲ್ಲಿ ನೋಡಿದರೆ ಲೆಕ್ಕ 3. ಅದರಲ್ಲಿ ಎರಡು ನಮ್ಮ ಲ್ಯಾಪ್‌ಟಾಪ್. ಅಂದರೆ 32 ವಿಎಂ ಸೇರಿ ಒಂದೇ ಒಂದು!

ಎರಡು ಕ್ಲೋನ್‌ಗಳ /ಡಿಎಲ್‌ವಿ ಕಿಟಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಗೊತ್ತಾಯಿತು. ಕ್ಲೈಂಟ್ ಮಷಿನ್ ಐಡಿ ಎನ್ನುವ ಸಾಲು, ಅಂದರೆ ಕೆಎಂಎಸ್ ಮಷಿನ್‌ಗಳನ್ನು ಎಣಿಸುವ ಗುರುತು, ಎರಡರಲ್ಲೂ ಅಕ್ಷರ ಅಕ್ಷರ ಒಂದೇ. ಕ್ಲೋನ್ ಮಾಡುವ ಮೊದಲು ಸಿಸ್‌ಪ್ರೆಪ್ ಜನರಲೈಜ್ (ಮಷಿನ್‌ನ ಸ್ವಂತ ಗುರುತುಗಳನ್ನು ಅಳಿಸುವ ವಿಂಡೋಸ್ ಟೂಲ್) ಮಾಡಿದ್ದರೆ ಇದು ಬೇರೆಬೇರೆ ಆಗುತ್ತಿತ್ತು. ಮಾಡಲು ಹೋಗಿದ್ದೆ ಕೂಡ. ಯಾವುದೋ ಸ್ಟೋರ್ ಆ್ಯಪ್ ಒಬ್ಬ ಯೂಸರ್‌ಗೆ ಮಾತ್ರ ಇನ್‌ಸ್ಟಾಲ್ ಆಗಿದೆ, ಎಲ್ಲರಿಗೂ ಆಗಿಲ್ಲ ಎಂದು ಸಿಸ್‌ಪ್ರೆಪ್ ನಿಂತಿತು, "ಆಮೇಲೆ ನೋಡೋಣ" ಎಂದು ಬಿಟ್ಟಿದ್ದೆ. ಆಮೇಲೆ ಬಂದದ್ದು ಹೀಗೆ. ಪ್ರತಿ ಕ್ಲೋನ್‌ನಲ್ಲೂ ಎಸ್‌ಎಲ್‌ಎಂಜಿಆರ್ /ರೀಆರ್ಮ್ ಓಡಿಸಿ ರೀಸ್ಟಾರ್ಟ್ ಮಾಡಿದೆ, ಅದು ಈ ಐಡಿಯನ್ನು ಹೊಸದಾಗಿಸುತ್ತದೆ. ಸರ್ವರ್‌ನಲ್ಲಿ ಲೆಕ್ಕ 9, 17, 24 ಅಂತ ಏರುವುದನ್ನು ನೋಡುತ್ತಾ ಕೂತಿದ್ದು ಕ್ರಿಕೆಟ್ ಸ್ಕೋರ್ ನೋಡಿದ ಹಾಗಿತ್ತು. 25 ದಾಟಿದ ಮೇಲೆ ಒಂದೊಂದೇ ಆಕ್ಟಿವೇಟ್ ಆದವು. ಒಂದು ಮಾತ್ರ ಹಟ ಹಿಡಿಯಿತು, ಎಫ್06ಸಿ ಎರರ್. ಚೆಕ್‌ಪಾಯಿಂಟ್‌ನಿಂದ ಎದ್ದ ಅದರ ಗಡಿಯಾರ ಹಿಂದಿನ ದಿನದಲ್ಲೇ ಇತ್ತು. ಕೆಎಂಎಸ್ 4 ಗಂಟೆಗಿಂತ ಜಾಸ್ತಿ ವ್ಯತ್ಯಾಸ ಒಪ್ಪುವುದಿಲ್ಲ. ಟೈಮ್ ಸರಿಮಾಡಿದ ಮೇಲೆ ಸುಮ್ಮನಾಯಿತು. ಸಿಸ್‌ಪ್ರೆಪ್ ಮಾಡಿದ ಸರಿಯಾದ ಟೆಂಪ್ಲೇಟ್ ಆಮೇಲೆ ಮಾಡಿದೆ, ಆ ಆ್ಯಪ್ ಕಿತ್ತುಹಾಕಿ.

ಈ ನಡುವೆ ಒಬ್ಬ ಪರಿಚಯದವರು ಮೂರ್ನಾಲ್ಕು ನೂರು ರೂಪಾಯಿಗೆ ಕೀ ಸಿಗುತ್ತದೆ, ಯಾಕೆ ಇಷ್ಟೆಲ್ಲ ಒದ್ದಾಟ ಅಂದರು. ಕೀ ಹಾಕಿದರೆ ಆಕ್ಟಿವೇಟ್ ಆಗಬಹುದು, ಅದರಿಂದ ಲೈಸೆನ್ಸ್ ಬಂದಂತಾಗುವುದಿಲ್ಲ. ಆಡಿಟ್ ಬಂದಾಗ ಕೇಳುವುದು ಬಿಲ್ಲು, ಹಸಿರು ಟಿಕ್ ಅಲ್ಲ.

ಕೊನೆಗೆ ಸರ್ವರ್ ವಿಎಂಗಳು. ಮೂರಿದ್ದವು, ಸರ್ವರ್ 2016. ಹೋಸ್ಟ್, ಅಂದರೆ ವಿಎಂಗಳನ್ನು ಹೊತ್ತಿರುವ ಸರ್ವರ್, ಡೇಟಾಸೆಂಟರ್ ಆದ್ದರಿಂದ ಇವು ಎವಿಎಂಎ ಕೀಯಲ್ಲಿ ಹೋಸ್ಟ್ ಮೂಲಕವೇ ತಾವಾಗಿ ಆಕ್ಟಿವೇಟ್ ಆಗುತ್ತವೆ, ಇಂಟರ್ನೆಟ್ಟೂ ಬೇಡ. ಇವುಗಳಿಗೆ ತಲೆನೋವೇ ಇಲ್ಲ ಎಂದು ಮೊದಲನೆಯದನ್ನು ನೇರ 2022ಕ್ಕೆ ಏರಿಸಿದೆ. ಆಕ್ಟಿವೇಟ್ ಆಗಲಿಲ್ಲ. ಈ ಸಲ ಬೈಯುವ ಮೊದಲು ಯೋಚನೆ ಮಾಡಿದೆ. ಹೋಸ್ಟ್ 2019. ಅದು ತನ್ನ ವರ್ಷನ್ ಮತ್ತು ಅದಕ್ಕಿಂತ ಹಳೆಯ ಗೆಸ್ಟ್‌ಗಳಿಗೆ (ಒಳಗಿನ ವಿಎಂಗಳಿಗೆ) ಮಾತ್ರ ಕೊಡುತ್ತದೆ, ತನಗಿಂತ ಹೊಸದಕ್ಕಲ್ಲ. ನಾವು ಕೊಂಡ ಲೈಸೆನ್ಸೂ 2019ರದ್ದೇ, ಹಾಗಾಗಿ ಬೇರೆ ಕೀ ಹುಡುಕುವ ಮಾತೇ ಇಲ್ಲ. ಬ್ಯಾಕಪ್‌ನಿಂದ ಹಿಂದೆ ಹೋಗಿ, ಮೂರನ್ನೂ 2019ಕ್ಕೆ ಏರಿಸಿ, 2019ರ ಎವಿಎಂಎ ಕೀ ಹಾಕಿದೆ. ಎರಡು ತಕ್ಷಣ ಆದವು. ಮೂರನೆಯದರಲ್ಲಿ ಯಾರೋ ಇಂಟಿಗ್ರೇಶನ್ ಸರ್ವೀಸಸ್‌ನಲ್ಲಿ ಡೇಟಾ ಎಕ್ಸ್‌ಚೇಂಜ್ ಟಿಕ್ ತೆಗೆದಿದ್ದರು, ಅದಿಲ್ಲದೆ ಎವಿಎಂಎ ನಡೆಯುವುದಿಲ್ಲ. ಯಾರೋ ಅಂದೆನಲ್ಲ, ಐಟಿಯಲ್ಲಿ ಇರುವುದು ನಾನೊಬ್ಬನೇ.

ಸರ್ವರ್ 2019ಕ್ಕೆ 2029ರ ಜನವರಿ 9ರವರೆಗೆ ಸಪೋರ್ಟ್ ಇದೆ. ಅಷ್ಟರೊಳಗೆ ಹೋಸ್ಟನ್ನೇ ಬದಲಾಯಿಸಬೇಕು. ಮೇಡಂ ಅವರ ಹಳೆಯ ಜನರೇಶನ್ 1 ವಿಎಂ ಇನ್ನೂ ಹಾಗೇ ಆಫ್ ಆಗಿ ಕೂತಿದೆ, ಹೆಸರು ಮಾತ್ರ "ಅಳಿಸಬೇಡ" ಎಂದು ಬದಲಾಗಿದೆ.