ಅಂಕ ಕೊಡದ ಪರೀಕ್ಷೆ

ವಿಜಯಪುರದ ಸೈನಿಕ ಶಾಲೆಯಲ್ಲಿ ಏಳು ವರ್ಷ, ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಎನ್‌ಡಿಎಯಲ್ಲಿ ಮೂರು, ಡೆಹ್ರಾಡೂನಿನ ಭಾರತೀಯ ಸೇನಾ ಅಕಾಡೆಮಿ ಐಎಂಎಯಲ್ಲಿ ಒಂದು. ಈ 11 ವರ್ಷವೂ ನನಗೆ ಅಂಕ ಹಾಕುವವರು ಯಾರಾದರೂ ಇದ್ದೇ ಇದ್ದರು. ಓಟಕ್ಕೆ, ಗುರಿಗೆ, ನಕ್ಷೆ ಓದುವುದಕ್ಕೆ, ಕಡೆಗೆ ಬೂಟಿನ ಹೊಳಪಿಗೂ.

ಐಎಂಎಯ ಕೊನೆಯ ಮೆಟ್ಟಿಲು 'ಅಂತಿಮ್ ಪಗ್' ದಾಟಿ ಅಧಿಕಾರಿಯಾಗಿ ಬಂದ ದಿನ ಅಪ್ಪ, ಅಮ್ಮ ಹೆಗಲ ಮೇಲೆ ನಕ್ಷತ್ರ ಸಿಕ್ಕಿಸಿದರು. "ಟ್ರೇನಿಂಗ್ ಮುಗೀತಲ್ಲೋ ತಮ್ಮಾ, ಇನ್ನರ ಆರಾಮ ಇರ್ತಿಯಿಲ್ಲೋ?" ಅಂದಳು ಅಮ್ಮ. ಹೂಂ ಅಂದೆ. ನಾನು ಕೇಳಿ ಪಡೆದದ್ದು ಪ್ಯಾರಾ ಎಸ್‌ಎಫ್, ಅಂದರೆ ಪ್ಯಾರಾಚೂಟಿನ ವಿಶೇಷ ಪಡೆಯ ಪಲ್ಟನ್ನು, ಅಲ್ಲಿ ಮೊದಲು ಪ್ರೊಬೇಷನ್ ಎಂಬ ಪರೀಕ್ಷಾ ಅವಧಿ, ಹೋದವರಲ್ಲಿ ಉಳಿಯುವವರು ಕಡಿಮೆ ಅಂತ ಬಾಯಿ ಬಿಡಲಿಲ್ಲ.

ಪಲ್ಟನ್ನು ಮುಟ್ಟಿದ ದಿನವೇ ಆ ನಕ್ಷತ್ರ ಪೆಟ್ಟಿಗೆ ಸೇರಿತು. ಜವಾನರ ಜೊತೆಗೇ ಊಟ, ನಿದ್ದೆ, ನೆಲ ಒರೆಸುವುದು. ನಮ್ಮನ್ನು ತೂಗುವವರು ತರಬೇತಿ ಕೊಡುವ ಹವಾಲ್ದಾರ್, ನಮ್ಮ ಉಸ್ತಾದರು. ನಾನು ಅಂದುಕೊಂಡಿದ್ದು, ಕಷ್ಟ ಎಂದರೆ ಭಾರ, ದೂರ, ನಿದ್ದೆಗೇಡು. ಅವೆಲ್ಲ ಇದ್ದವು ನಿಜ. ಆದರೆ ನನ್ನನ್ನು ಅಲ್ಲಾಡಿಸಿದ್ದು, ನಾನು ಪಾಸೋ ಫೇಲೋ ಯಾರೂ ಹೇಳದಿದ್ದದ್ದು.

ಭಾರ ಹೊತ್ತು ವೇಗವಾಗಿ ಸಾಗುವ ಮೊದಲ ಸ್ಪೀಡ್ ಮಾರ್ಚಿನಲ್ಲಿ ಎಲ್ಲರಿಗಿಂತ ಮುಂದೆ ಬಂದೆ. ಅಕಾಡೆಮಿಯಾಗಿದ್ದರೆ ಬೆನ್ನು ತಟ್ಟುತ್ತಿದ್ದರು. ಇಲ್ಲಿ ಉಸ್ತಾದರು ಕೊಕ್ಕೆಯ ತಕ್ಕಡಿಗೆ ನನ್ನ ಬೆನ್ನುಚೀಲ, ಪಿಟ್ಟು, ನೇತುಹಾಕಿದರು. ಮುಳ್ಳು ಹೊರಬೇಕಾದ ತೂಕಕ್ಕಿಂತ ಕಡಿಮೆ ತೋರಿಸಿತು. ಹೊರಡುವಾಗ ನೀರಿನ ಬಾಟಲಿಯನ್ನೂ ತೂಕಕ್ಕೆ ಸೇರಿಸಿಕೊಂಡಿದ್ದೆ, ದಾರಿಯಲ್ಲಿ ಕುಡಿದು ಖಾಲಿ ಮಾಡಿದ್ದೆ, ಪೆದ್ದು! ಬೈಗುಳ ಕಾದು ನಿಂತೆ. ಅವರು ಒಂದು ಕಲ್ಲು ಹುಡುಕಿ ತಂದು ಪಿಟ್ಟಿನ ತಳಕ್ಕೆ ಇಟ್ಟು ಬಕಲ್ ಬಿಗಿದರು. ಆಮೇಲೆ ಹಿಂದಿನ ದಾರಿ ನೋಡುತ್ತ, "ನಿಮ್ಮ ಬಡ್ಡಿ ಎಲ್ಲಿ ಸಾಬ್?" ಅಂದರು. ಬಡ್ಡಿ ಅಂದರೆ ಜೊತೆಗಾರ; ನನ್ನ ಜೋಡಿಯ ಜವಾನ ಇನ್ನೂ ಎರಡು ಕಿಲೋಮೀಟರ್ ಹಿಂದಿದ್ದ. ಉಸ್ತಾದರು ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಏನೋ ಗೀಚಿದರು. ಆ ಕಲ್ಲನ್ನು ಮೂರು ವಾರ ಹೊತ್ತೆ.

ಅದೇ ಬಡ್ಡಿ ನನ್ನ ಕಾಲು ಉಳಿಸಿದ. ಹಿಮ್ಮಡಿಯ ಬೊಬ್ಬೆಯನ್ನು ನಾನು ಕತ್ತರಿಸಲು ಹೊರಟಿದ್ದೆ. ತಡೆದು, ಸೂಜಿಯನ್ನು ಲೈಟರಿನಲ್ಲಿ ಕಾಯಿಸಿ, ಬೊಬ್ಬೆಯ ಆಚೆಯಿಂದೀಚೆಗೆ ದಾರ ಪೋಣಿಸಿ ಎರಡೂ ತುದಿ ಹೊರಗೆ ಬಿಟ್ಟ. ನೀರು ದಾರದ ಗುಂಟ ಇಳಿದುಹೋಯಿತು, ಚರ್ಮ ಹಾಗೇ ಉಳಿಯಿತು. ಒಳಗೆ ತೆಳು ನೈಲಾನ್ ಸಾಕ್ಸ್, ಮೇಲೆ ಉಣ್ಣೆಯದು ಹಾಕುವುದನ್ನು ಕಲಿಸಿದವನೂ ಅವನೇ. ಎಸ್‌ಎಫ್‌ಗೆ ಹೋಗಬೇಕೆನ್ನುವ ಹುಡುಗರು ನನ್ನನ್ನು ಪುಷ್‌ಅಪ್ ಎಷ್ಟು ಹೊಡೀಬೇಕು ಅಂತ ಕೇಳುತ್ತಾರೆ. ಕಾಲಿನ ಬಗ್ಗೆ ಯಾರೂ ಕೇಳುವುದಿಲ್ಲ.

ನನ್ನ ಕಾಲಕ್ಕೆ ಪ್ರೊಬೇಷನ್ ಮೂರು ತಿಂಗಳಿತ್ತು. ಎರಡನೇ ತಿಂಗಳಲ್ಲಿ ಯಾವಾಗಲೋ ಉಸ್ತಾದರ ಮುಖ ನೋಡಿ ಲೆಕ್ಕ ಹಾಕುವುದು ನಿಂತುಹೋಯಿತು. ಎಂದು ನಿಂತಿತೋ ಗೊತ್ತಾಗಲಿಲ್ಲ.

ಆಮೇಲೆ ಆಗ್ರಾ. ವಾಯುಸೇನೆಯ ಪ್ಯಾರಾಟ್ರೂಪರ್ಸ್ ಟ್ರೇನಿಂಗ್ ಸ್ಕೂಲಿನಲ್ಲಿ ಐದು ಜಿಗಿತ, ಅದರಲ್ಲೊಂದು ರಾತ್ರಿ, ಸುಮಾರು 1,250 ಅಡಿಯಿಂದ. ಎಲ್ಲರೂ ಬೆರಗಾಗಿ ಕೇಳುವುದು ಇದನ್ನೇ. ಹೆದರಿಕೆ ಆಗಲಿಲ್ಲ ಎಂದರೆ ಸುಳ್ಳು. ಆದರೂ ನನಗೆ ಅದು ಸಲೀಸೇ ಅನ್ನಿಸಿತು. ಹಸಿರು ದೀಪ ಹತ್ತುತ್ತದೆ, ಹಿಂದಿನವನು ನೂಕುತ್ತಿರುತ್ತಾನೆ, ಯೋಚಿಸಲು ಪುರುಸೊತ್ತೇ ಇಲ್ಲ.

ಪ್ಯಾರಾ ಸೈನಿಕರ ಗುರುತಾದ ಮರೂನ್ ಟೋಪಿ ಕೊಟ್ಟ ಸಂಜೆ ಉಸ್ತಾದರು ಚಹಾದ ಮಗ್ಗು ಹಿಡಿದು ಬಂದು ಮೊದಲ ಸಲ ಸೆಲ್ಯೂಟ್ ಹೊಡೆದರು. ಪುಸ್ತಕದಲ್ಲಿ ಏನು ಬರೆದಿದ್ದಿರಿ ಅಂತ ಕೇಳಬೇಕೆಂದಿದ್ದೆ. ಕೇಳಲಿಲ್ಲ. ಕಲ್ಲು ಎಲ್ಲಿ ಅಂತ ಅವರೇ ಕೇಳಿದರು, ಮುಂದಿನ ಬ್ಯಾಚಿಗೆ ಬೇಕಿತ್ತಂತೆ.