ಬೀಜದಿಂದ ಕನಕಾಂಬರ: ನನ್ನ ಅನುಭವ

ಕನಕಾಂಬರವನ್ನು ಬೀಜದಿಂದ ಬೆಳೆಸುವುದರಲ್ಲಿ ಕಷ್ಟದ ಭಾಗ ಬಿತ್ತನೆಯಲ್ಲ, ಬೀಜ ಹಿಡಿಯುವುದು. ಇದರ ಕಾಯಿ ಒಣಗಿ ನಿಂತಿದ್ದಾಗ ಸ್ವಲ್ಪ ನೀರು ತಾಗಿದರೆ ಸಾಕು, ಪಟ್ ಅಂತ ಸಿಡಿದು ಬೀಜವನ್ನು ದೂರ ಎಸೆಯುತ್ತದೆ. ಮಳೆಯೇ ಬೇಕು ಅಂತಿಲ್ಲ, ಬೆಳಗಿನ ಇಬ್ಬನಿಗೂ ಸಿಡಿಯುತ್ತದೆ. ಪೈಪ್ ಹಿಡಿದು ಗಿಡದ ಮೇಲಿಂದ ನೀರು ಹಾಕುವವರಿಗೆ ಬೀಜ ಸಿಗುವುದೇ ಇಲ್ಲ. ತೆನೆಯಲ್ಲಿ ಖಾಲಿ ಸಿಪ್ಪೆ ಮಾತ್ರ ಉಳಿದಿರುತ್ತದೆ.

ಕಾಯಿ ಎರಡು ಹೋಳಿನದ್ದು. ಒಣಗುತ್ತಾ ಹೋದಂತೆ ಹೋಳುಗಳು ಒಂದರಿಂದೊಂದು ಬಿಡಿಸಿಕೊಳ್ಳಲು ಎಳೆಯುತ್ತಿರುತ್ತವೆ, ಆದರೆ ನಡುವಿನ ಬೆಸುಗೆ ಬಿಡುವುದಿಲ್ಲ. ನೀರು ತಾಗಿ ಬೆಸುಗೆ ಮೆತ್ತಗಾದ ಕೂಡಲೇ ಎರಡೂ ಬೇರೆಯಾಗುತ್ತವೆ. ಒಳಗೆ ಪ್ರತಿ ಬೀಜದ ಕೆಳಗೂ ಒಂದು ಪುಟ್ಟ ಕೊಕ್ಕೆ ಇರುತ್ತದೆ, ಬೀಜವನ್ನು ಚಿಮ್ಮಿಸುವುದು ಅದೇ. ಒಂದು ಕಾಯಿಯಲ್ಲಿ 4 ಬೀಜ. ನೆಲ ಒದ್ದೆಯಾಗಿರುವ ಹೊತ್ತಿಗೇ ಬೀಜ ಕೆಳಗೆ ಬೀಳಬೇಕು, ಅದು ಗಿಡದ ಲೆಕ್ಕ. ನಾನು ಬೀಜ ಕೂಡಿಡುವುದು, ಬಿತ್ತುವುದು ಎಲ್ಲವನ್ನೂ ಈ ಲೆಕ್ಕಕ್ಕೇ ಹೊಂದಿಸಿಕೊಂಡಿದ್ದೇನೆ.

ಮೊದಲು ತಾಯಿ ಗಿಡ ಆರಿಸುತ್ತೇನೆ. ತೆನೆ ಉದ್ದ ಇರಬೇಕು, ಎಲೆ ಕಡು ಹಸಿರಾಗಿ ಹೊಳೆಯುತ್ತಿರಬೇಕು, ಹಳೆಯ ಗಿಡವಾದರೂ ಸೊರಗಿರಬಾರದು. ಅಂಥ ಗಿಡದ ಕೆಲವು ತೆನೆಗಳಿಗೆ ದಾರ ಕಟ್ಟಿ ಗುರುತು ಮಾಡುತ್ತೇನೆ. ಆ ತೆನೆಗಳ ಹೂವನ್ನು ಮನೆಯಲ್ಲಿ ಯಾರೂ ಕೀಳುವಂತಿಲ್ಲ. ಹೂ ಕಿತ್ತರೆ ಕಾಯಿ ಎಲ್ಲಿಂದ ಬರಬೇಕು, ಅಲ್ವಾ? ಹೂ ತೆನೆಯ ಬುಡದಿಂದ ಮೇಲಕ್ಕೆ ಅರಳುತ್ತಾ ಹೋಗುತ್ತದೆ. ಹಾಗಾಗಿ ತುದಿಯಲ್ಲಿ ಇನ್ನೂ ಹೂ ಇರುವಾಗಲೇ ಬುಡದ ಕಾಯಿ ಬಲಿಯುತ್ತದೆ. ಕಾಯಿ ಹಸಿರು ಪೊರೆಯ ಮರೆಯಲ್ಲಿ ಕೂತಿರುವುದರಿಂದ ಸುಮ್ನೆ ನೋಡಿದರೆ ಕಾಣುವುದಿಲ್ಲ. ತೆನೆ ಹಸಿರು ಬಿಟ್ಟು ಒಣಹುಲ್ಲಿನ ಬಣ್ಣಕ್ಕೆ ತಿರುಗಿತು ಅಂದರೆ ಕತ್ತರಿಸುವ ಸಮಯ. ಮಧ್ಯಾಹ್ನ, ಬಿಸಿಲಿಗೆ ಗಿಡ ಪೂರ್ತಿ ಒಣಗಿರುವಾಗ ಇಡೀ ತೆನೆಯನ್ನೇ ಕತ್ತರಿಸಿ ಕಾಗದದ ಚೀಲಕ್ಕೆ ಹಾಕುತ್ತೇನೆ. ಪ್ಲಾಸ್ಟಿಕ್ ಚೀಲದಲ್ಲಿ ತೇವ ಕಟ್ಟುತ್ತದೆ, ಅದಕ್ಕೆ ಬೇಡ.

ಬೀಜವನ್ನು ಬಿಡಿಸಿ ಇಡುವುದಿಲ್ಲ. ಕಾಯಿಯೊಳಗೇ ಇರಲಿ. ಬಿತ್ತುವ ದಿನ ಒಂದಷ್ಟು ತೆನೆಯನ್ನು ಮುಚ್ಚಳವಿರುವ ಅಗಲವಾದ ಡಬ್ಬಿಗೆ ಹಾಕಿ, ನೀರು ಚಿಮುಕಿಸಿ, ಕೂಡಲೇ ಮುಚ್ಚುತ್ತೇನೆ. ಸ್ವಲ್ಪ ಹೊತ್ತಿಗೆ ಒಳಗೆ ಪಟಪಟ ಸದ್ದು ಶುರುವಾಗುತ್ತದೆ. ನನಗಂತೂ ಇಡೀ ಕೆಲಸದಲ್ಲಿ ತುಂಬ ಖುಷಿ ಕೊಡುವ ಗಳಿಗೆ ಇದು, ಪಕ್ಕದಲ್ಲಿ ಮಕ್ಕಳಿದ್ದರೆ ಅವರಿಗೂ ತೋರಿಸಿ. ಬಲಿತ ಕಾಯಿ ಸಿಡಿಯುತ್ತದೆ, ಎಳೆಯದು ಹಾಗೇ ಉಳಿಯುತ್ತದೆ. ಅಲ್ಲಿಗೆ ಒಳ್ಳೆಯ ಬೀಜ ಆರಿಸುವ ಕೆಲಸವೂ ಮುಗಿಯಿತು.

ಬೀಜ ಚಪ್ಪಟೆ, ಮೈಮೇಲೆ ಅಂಚು ಸೀಳಿದಂತಿರುವ ಸಣ್ಣ ಪೊರೆಗಳು. ಒದ್ದೆಯಾದಾಗ ಅವು ಲೋಳೆ ಬಿಟ್ಟು ಮಣ್ಣಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತವೆ. ಆದ್ದರಿಂದ ಒದ್ದೆ ಬೀಜವನ್ನು ಉಜ್ಜುವುದು, ತೊಳೆಯುವುದು ಏನೂ ಮಾಡುವುದಿಲ್ಲ. ಚಿಮಟದಲ್ಲಿ ಎತ್ತಿ ಹಾಗೇ ಸಸಿ ಟ್ರೇಯಲ್ಲಿ ಇಡುತ್ತೇನೆ.

ಸಸಿ ಟ್ರೇಗೆ ತೆಂಗಿನ ನಾರಿನ ಪುಡಿ ಮತ್ತು ಜರಡಿ ಹಿಡಿದ ಎರೆಗೊಬ್ಬರ ಬೆರೆಸಿ ತುಂಬುತ್ತೇನೆ. ಮಣ್ಣು ಬೆರೆಸುವುದಿಲ್ಲ, ಕಾರಣ ಮುಂದೆ ಹೇಳುತ್ತೇನೆ. ಬೀಜದ ಮೇಲೆ ಅದೇ ಮಿಶ್ರಣವನ್ನು ತೆಳ್ಳಗೆ ಉದುರಿಸಿದರೆ ಸಾಕು. ಕನಕಾಂಬರಕ್ಕೆ ಚಳಿ ಆಗುವುದಿಲ್ಲ, ಹಾಗಾಗಿ ಬಿತ್ತನೆಯನ್ನು ಬೆಚ್ಚಗಿನ ತಿಂಗಳಲ್ಲೇ ಇಟ್ಟುಕೊಳ್ಳುತ್ತೇನೆ. ಮೊಳಕೆ ಎಲ್ಲ ಒಟ್ಟಿಗೆ ಬರುವುದಿಲ್ಲ. ಕೆಲವು ಎರಡು ಮೂರು ವಾರಕ್ಕೆ ತಲೆ ಎತ್ತುತ್ತವೆ, ಕೆಲವು ತಿಂಗಳು ದಾಟಿದ ಮೇಲೆ. ತುಂಬ ಜನ ಇಲ್ಲೇ ಬೇಜಾರಾಗಿ ಟ್ರೇ ಖಾಲಿ ಮಾಡುತ್ತಾರೆ. ದಯವಿಟ್ಟು ಕಾಯಿರಿ. ತೇವ ಆರಲು ಬಿಡಬೇಡಿ, ಮೇಲಿಂದ ನೀರು ಸುರಿಯಲೂ ಬೇಡಿ. ತಟ್ಟೆಯಲ್ಲಿ ನೀರು ಹಾಕಿ ಟ್ರೇಯನ್ನು ಅದರಲ್ಲಿಟ್ಟರೆ ಕೆಳಗಿನಿಂದ ಎಳೆದುಕೊಳ್ಳುತ್ತದೆ, ಮೇಲ್ಭಾಗ ನೆನೆದ ಮೇಲೆ ಟ್ರೇ ಎತ್ತಿಬಿಡಿ. ಹೀಗೆ ಮಾಡಿದರೆ ಎಳೆ ಸಸಿಯ ಬುಡ ಕೊಳೆಯುವುದು ಕಡಿಮೆ.

ಸಸಿಗೆ ನಾಲ್ಕಾರು ನಿಜವಾದ ಎಲೆ ಬಂದಾಗ, ಅಂದರೆ ಸುಮಾರು 2 ತಿಂಗಳಿಗೆ, ನೆಲಕ್ಕೆ ನೆಡುತ್ತೇನೆ. ಗಿಡದಿಂದ ಗಿಡಕ್ಕೆ 30 ಸೆಂಟಿಮೀಟರ್, ಸಾಲಿಂದ ಸಾಲಿಗೆ 60. ಮೊದಮೊದಲು ಜಾಗ ಜಾಸ್ತಿ ಅನಿಸಿದರೂ ಆಮೇಲೆ ತುಂಬಿಕೊಳ್ಳುತ್ತದೆ. ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿ ತಾನಾಗಿ ಬೆಳೆಯುವ ಗಿಡ ಇದು, ಅರೆ ನೆರಳಿಗೂ ಹೊಂದಿಕೊಳ್ಳುತ್ತದೆ. ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನದ ಬಿಸಿಲು ತಪ್ಪುವ ಜಾಗದಲ್ಲಿ ನನ್ನ ಗಿಡಗಳು ಚೆನ್ನಾಗಿವೆ. ನೀರು ನಿಲ್ಲುವ ಕಡೆ ಮಾತ್ರ ನೆಡಬೇಡಿ.

ಇನ್ನು ಮಣ್ಣಿನ ವಿಷಯ. ಕನಕಾಂಬರದ ದೊಡ್ಡ ಶತ್ರು ಕಣ್ಣಿಗೆ ಕಾಣುವುದಿಲ್ಲ. ಬೇರಿಗೆ ಬೀಳುವ ಜಂತುಹುಳು ಅದು. ಗಿಡ ಹಳದಿಯಾಗಿ ಕುಗ್ಗುತ್ತದೆ, ತೆನೆ ಚಿಕ್ಕದಾಗುತ್ತದೆ. ನೋಡಿದವರು ಗೊಬ್ಬರ ಸಾಲದು ಅಂದುಕೊಂಡು ಗೊಬ್ಬರ ಸುರಿಯುತ್ತಾರೆ. ಅದರ ಹಿಂದೆಯೇ ಸೊರಗು ರೋಗ ಬಂದರೆ ಗಿಡ ಹೋದಂತೆಯೇ. ಬೀಜದಿಂದ ಬೆಳೆಸುವುದನ್ನು ನಾನು ಇಷ್ಟಪಡಲು ಮುಖ್ಯ ಕಾರಣ ಇದೇ. ಬೇರು ಸಮೇತ ತಂದ ಗಿಡದ ಮಣ್ಣಿನಲ್ಲಿ ಹುಳು ಜೊತೆಗೇ ಬರಬಹುದು. ಮಣ್ಣಿಲ್ಲದ ಟ್ರೇಯಲ್ಲಿ ಹುಟ್ಟಿದ ಸಸಿಯ ಬೇರು ಶುದ್ಧವಾಗಿರುತ್ತದೆ. ನೆಡುವ ಗುಣಿಗೆ ಕೊಟ್ಟಿಗೆ ಗೊಬ್ಬರದ ಜೊತೆ ಒಂದು ಹಿಡಿ ಬೇವಿನ ಹಿಂಡಿ ಹಾಕುತ್ತೇನೆ. ಸಾಲುಗಳ ನಡುವೆ ಚೆಂಡು ಹೂವಿನ ಗಿಡ ಇಡುತ್ತೇನೆ, ಅದರ ಬೇರಿನಲ್ಲಿರುವ ರಾಸಾಯನಿಕ ಜಂತುಹುಳುಗಳಿಗೆ ಆಗದು. ಹಳೆಯ ಕನಕಾಂಬರ ಕಿತ್ತ ಜಾಗದಲ್ಲಿ ತಕ್ಷಣ ಮತ್ತೆ ಕನಕಾಂಬರವನ್ನೇ ನೆಡುವುದಿಲ್ಲ.

ಎಲ್ಲ ಕನಕಾಂಬರದಲ್ಲೂ ಬೀಜ ಸಿಗುತ್ತದೆ ಅಂದುಕೊಳ್ಳಬೇಡಿ. ಡೆಲ್ಲಿ ಕನಕಾಂಬರ ಅಂತ ಮಾರುವ ತಳಿಯಲ್ಲಿ ವರ್ಣತಂತುಗಳು (ಕ್ರೋಮೋಸೋಮ್) ಎರಡೆರಡರ ಬದಲು ಮೂರು ಮೂರು ಇರುವುದರಿಂದ ಬೀಜ ಕಟ್ಟುವುದಿಲ್ಲ. ಅದಕ್ಕೆ ಕಡ್ಡಿ ನೆಡುವುದೇ ದಾರಿ. ಬೀಜ ಬೇಕಿದ್ದರೆ ಹಳೆಯ ನಾಟಿ ಗಿಡ ಹುಡುಕಿ. ಬೀಜದ ಸಸಿಗಳು ಎಲ್ಲವೂ ತಾಯಿಯಂತೆಯೇ ಇರಬೇಕೆಂದಿಲ್ಲ, ಬಣ್ಣದಲ್ಲಿ, ತೆನೆಯ ಉದ್ದದಲ್ಲಿ ವ್ಯತ್ಯಾಸ ಕಾಣುತ್ತದೆ. ನನಗೆ ಅದು ಲಾಭವೇ, ಚೆನ್ನಾಗಿರುವುದನ್ನು ಮುಂದಿನ ತಾಯಿ ಗಿಡ ಮಾಡಿಕೊಳ್ಳಬಹುದು.

ಬಿತ್ತಿದ ಮೇಲೆ ಹೂ ನೋಡಲು 5–6 ತಿಂಗಳು ಬೇಕು. ಒಮ್ಮೆ ಶುರುವಾದರೆ ದಿನ ಬಿಟ್ಟು ದಿನ ಕೀಳಬಹುದು. ಬೀಜಕ್ಕೆ ಬಿಡದ ತೆನೆಗಳನ್ನು ಹೂ ಮುಗಿದ ಕೂಡಲೇ ಕತ್ತರಿಸಿ, ಪಕ್ಕದಿಂದ ಹೊಸ ತೆನೆ ಬರುತ್ತದೆ. ವರ್ಷಕ್ಕೊಮ್ಮೆ ಉದ್ದ ರೆಂಬೆಗಳನ್ನು ಸವರಿ ಗೊಬ್ಬರ ಕೊಟ್ಟರೆ ಅದೇ ಗಿಡ ಮತ್ತೆ ಒತ್ತಾಗಿ ಚಿಗುರುತ್ತದೆ. ಮಳೆಗಾಲದಲ್ಲಿ ಸುತ್ತಮುತ್ತ ಕಳೆ ಕೀಳುವಾಗ ನಿಧಾನ ಮಾಡಿ. ತಾನಾಗಿ ಸಿಡಿದ ಬೀಜದ ಸಸಿಗಳು ಅಲ್ಲಲ್ಲಿ ಎದ್ದಿರುತ್ತವೆ. ತಾಯಿ ಗಿಡದ ಬೇರು ಆರೋಗ್ಯವಾಗಿದೆ ಅನ್ನುವುದು ಖಾತ್ರಿಯಿದ್ದರೆ ಅವನ್ನು ಮಣ್ಣಿನ ಹೆಂಟೆ ಸಮೇತ ಎತ್ತಿ ಬೇರೆ ಕಡೆ ನೆಡಬಹುದು.