ಬ್ರಷ್ ಪೊರಕೆ ಆಗೋ ತನಕ ಕಾಯಬೇಡಿ

ನಮ್ಮನೆ ಬಚ್ಚಲಲ್ಲಿ ಒಂದು ಸ್ಟೀಲ್ ಲೋಟ ಇತ್ತು. ಐದೂ ಜನರ ಬ್ರಷ್ ಅದರಲ್ಲೇ, ತಲೆಗೆ ತಲೆ ತಾಗಿಸಿಕೊಂಡು ನಿಂತಿರುತ್ತಿದ್ದವು. ಒಂದಿನ ತೊಳೆಯೋಣ ಅಂತ ಲೋಟ ಬಗ್ಗಿಸಿದರೆ ತಳದಲ್ಲಿ ಕರ್ರಗೆ ಲೋಳೆ! ಆವತ್ತೇ ಲೋಟ ಗಿಡದ ಬುಡಕ್ಕೆ ನೀರು ಹಾಕೋ ಕೆಲಸಕ್ಕೆ ಹೋಯಿತು.

ಬ್ರಷ್‌ಗೆ ಬೇಕಾದ ಆರೈಕೆ ದೊಡ್ಡದೇನಲ್ಲ, ಅದು ಒಣಗಬೇಕು ಅಷ್ಟೇ. ಹಲ್ಲುಜ್ಜಿದ ಮೇಲೆ ನಲ್ಲಿ ಕೆಳಗೆ ಹಿಡಿದು, ಹೆಬ್ಬೆರಳಿನಿಂದ ಕೂದಲು ಹಿಂದಕ್ಕೂ ಮುಂದಕ್ಕೂ ಮಡಚಿ ತೊಳೆಯಿರಿ. ಪೇಸ್ಟು ಮೆತ್ತಿಕೊಳ್ಳೋದು ಬುಡದಲ್ಲಿ, ತುದಿಯಲ್ಲಲ್ಲ. ಆಮೇಲೆ ಸಿಂಕಿನ ಅಂಚಿಗೆ ಎರಡು ಸಲ ತಟ್ಟಿ ನೀರು ಉದುರಿಸಿ, ತಲೆ ಮೇಲೆ ಮಾಡಿ, ಗಾಳಿ ಆಡೋ ಕಡೆ ನಿಲ್ಲಿಸಿ. ಒಬ್ಬರ ಬ್ರಷ್ ಇನ್ನೊಬ್ಬರದಕ್ಕೆ ತಾಗಬಾರದು. ಕ್ಯಾಪ್ ಹಾಕೋದು ಶುಚಿ ಅಂತ ತುಂಬ ಜನ ಅಂದುಕೊಂಡಿದ್ದಾರೆ, ಆದರೆ ಒದ್ದೆ ಬ್ರಷ್‌ಗೆ ದಿನವಿಡೀ ಕ್ಯಾಪ್ ಹಾಕಿಟ್ಟರೆ ಒಳಗೆ ತೇವ ನಿಂತು ಸೂಕ್ಷ್ಮಾಣುಗಳಿಗೇ ಅನುಕೂಲ. ಕ್ಯಾಪ್ ಬಸ್ ಪ್ರಯಾಣಕ್ಕೆ ಮಾತ್ರ ಇರಲಿ, ಊರು ತಲುಪಿದ ಕೂಡಲೇ ತೆಗೆದುಬಿಡಿ.

ಮಲೆನಾಡಿನವರ ಕಷ್ಟ ಬೇರೆ. ಮಳೆಗಾಲದಲ್ಲಿ ಬಟ್ಟೆಯೇ ಮೂರು ದಿನ ಒಣಗಲ್ಲ, ಇನ್ನು ಬ್ರಷ್ ಒಣಗುತ್ತಾ? ಎರಡು ಬ್ರಷ್ ಇಟ್ಟುಕೊಳ್ಳಿ, ಬೆಳಿಗ್ಗೆಗೆ ಒಂದು, ರಾತ್ರಿಗೆ ಒಂದು. ಬೇವಿನ ಕಡ್ಡಿ ಜಗಿದು, ಉಜ್ಜಿ, ಹಿತ್ತಲಿಗೆ ಎಸೆಯುತ್ತಿದ್ದ ಅಜ್ಜನಿಗೆ ಈ ತಲೆನೋವೇ ಇರಲಿಲ್ಲ ಬಿಡಿ. ಅಂದಹಾಗೆ ನೈಲಾನ್ ಕೂದಲಿನ ಬ್ರಷ್ ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದೇ 1938ರಲ್ಲಿ. ಅದಕ್ಕೂ ಮೊದಲು ಹಂದಿ ಕೂದಲು, ಅದಂತೂ ಬೇಗ ಒಣಗುತ್ತಲೇ ಇರಲಿಲ್ಲ.

ಕುದಿಯೋ ನೀರಿಗೆ ಹಾಕೋದು, ಮೈಕ್ರೋವೇವ್‌ನಲ್ಲಿ ಇಡೋದು ಎಲ್ಲ ಬೇಡ. ಪ್ಲಾಸ್ಟಿಕ್ ಸೊಟ್ಟಗಾಗುತ್ತೆ, ಕೂದಲು ಹಾಳಾಗುತ್ತೆ. ನಲ್ಲಿ ನೀರು ಸಾಕು.

ಈಗ ಬದಲಾಯಿಸೋ ವಿಷಯ. ದಂತವೈದ್ಯರು ಹೇಳೋದು 3ರಿಂದ 4 ತಿಂಗಳು. ಎಲೆಕ್ಟ್ರಿಕ್ ಬ್ರಷ್ಷಿನ ತಲೆಗೂ ಇದೇ ಲೆಕ್ಕ. ಆದರೆ ಕ್ಯಾಲೆಂಡರ್‌ಗಿಂತ ಕೂದಲನ್ನು ನಂಬಿ. ಬ್ರಷ್ಷಿನ ಬೆನ್ನು ನಿಮ್ಮ ಕಡೆಗೆ ತಿರುಗಿಸಿ ಹಿಡಿದು ನೋಡಿ, ಎರಡೂ ಪಕ್ಕದಿಂದ ಕೂದಲು ಮೀಸೆ ಥರ ಹೊರಗೆ ಇಣುಕುತ್ತಿದೆಯಾ? ಹಾಗಾದರೆ ಅದರ ಕತೆ ಮುಗಿಯಿತು. ಬಾಗಿದ ಕೂದಲು ಹಲ್ಲಿನ ಮೇಲೆ ಜಾರುತ್ತದೆಯೇ ಹೊರತು ಹಲ್ಲು ಒಸಡು ಸೇರೋ ಸಂದಿಗೆ ಹೋಗಲ್ಲ, ಕೊಳೆ ಕೂರೋದು ಅಲ್ಲೇ ಅಲ್ವಾ. ಮಕ್ಕಳು ಬ್ರಷ್ಷನ್ನು ಕಚ್ಚುತ್ತಾರೆ, ಹಾಗಾಗಿ ಅವರದು ಇನ್ನೂ ಬೇಗ ಹೋಗುತ್ತೆ.

ತಾರೀಖು ನೆನಪಿರಲ್ಲ ಅನ್ನೋರಿಗೆ ನಮ್ಮನೆ ಲೆಕ್ಕ ಹೇಳುತ್ತೇನೆ: ಯುಗಾದಿ, ನಾಗರ ಪಂಚಮಿ, ದೀಪಾವಳಿ, ಸಂಕ್ರಾಂತಿ. ಹಬ್ಬದ ಸಾಮಾನಿನ ಚೀಟಿಯಲ್ಲೇ ಬ್ರಷ್ ಅಂತಲೂ ಬರೆಯೋದು. ಯುಗಾದಿ ಆದಮೇಲೆ ಅಧಿಕ ಮಾಸ ಬಂದ ವರ್ಷ ಮಾತ್ರ ಪಂಚಮಿವರೆಗೆ ಕಾಯಬೇಡಿ, ಐದು ತಿಂಗಳಾಗಿಬಿಡುತ್ತೆ.

ಹೊಸ ಬ್ರಷ್ ಒಂದೇ ತಿಂಗಳಿಗೆ ಅರಳಿಕೊಂಡರೆ ತಪ್ಪು ಬ್ರಷ್ಷಿಂದಲ್ಲ, ಕೈಯದು. ನಮ್ಮಪ್ಪ ತಾಮ್ರದ ಚೊಂಬಿಗೆ ಹುಣಸೆಹಣ್ಣು ಹಾಕಿ ತಿಕ್ಕಿದ ಹಾಗೆ ಹಲ್ಲು ತಿಕ್ಕುತ್ತಿದ್ದರು, ಅದೂ ಅಂಗಡಿಯಲ್ಲಿ ಕೇಳಿ ಕೇಳಿ ತಂದ ಹಾರ್ಡ್ ಬ್ರಷ್ಷಲ್ಲಿ. ಕೊನೆಗೆ ಒಸಡು ಕೆಳಗೆ ಸರಿದು, ಬುಡದಲ್ಲಿ ಹಲ್ಲು ಸವೆದು, ತಣ್ಣೀರು ಕುಡಿದರೆ ಜುಂ ಅಂತ ಮುಖ ಹಿಂಡುತ್ತಿದ್ದರು. ಪ್ಯಾಕೆಟ್ ಮೇಲೆ ಸಾಫ್ಟ್ ಅಂತ ಬರೆದದ್ದನ್ನೇ ತನ್ನಿ. ಮುಷ್ಟಿಯಲ್ಲಿ ಬೇಡ, ಪೆನ್ನು ಹಿಡಿದ ಹಾಗೆ ಬೆರಳಲ್ಲಿ ಹಿಡಿಯಿರಿ, ಆಗ ಒತ್ತೋಕೆ ಆಗೋದೇ ಇಲ್ಲ. ಎರಡು ನಿಮಿಷ ಉಜ್ಜಿ.

ಬಿದಿರಿನ ಬ್ರಷ್ ತಂದವರು ಒಂದು ಗಮನಿಸಿ, ಹಿಡಿಕೆ ಬಿದಿರಾದರೂ ಕೂದಲು ಸಾಮಾನ್ಯವಾಗಿ ನೈಲಾನೇ. ಗೊಬ್ಬರದ ಗುಂಡಿಗೆ ಹಾಕೋ ಮುಂಚೆ ಇಕ್ಕಳದಲ್ಲಿ ಕಿತ್ತು ಬೇರೆ ಮಾಡಿ.

ಹಳೇ ಪ್ಲಾಸ್ಟಿಕ್ ಬ್ರಷ್ಷನ್ನು ನಾವ್ಯಾರೂ ಸುಮ್ನೆ ಎಸೆಯೋರಲ್ಲ. ಮಿಕ್ಸಿ ಜಾರಿನ ಬ್ಲೇಡಿನ ಸಂದಿ, ಸೈಕಲ್ ಚೈನು, ಲಂಗಕ್ಕೆ ಲಾಡಿ ಪೋಣಿಸೋದು, ಎಲ್ಲಕ್ಕೂ ಬೇಕು. ಆದರೆ ಹಿಡಿಕೆಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಿ, ಬಚ್ಚಲಿಂದ ಆಚೆ ಇಡಿ. ಕಳೆದ ದೀಪಾವಳಿಗೆ ಬಂದಿದ್ದ ನಮ್ಮ ಮಾವ, ಅತ್ತೆ ಬೆಳ್ಳಿ ದೀಪ ಉಜ್ಜಿಟ್ಟಿದ್ದ ಬ್ರಷ್ಷಲ್ಲೇ ಹಲ್ಲುಜ್ಜಿಕೊಂಡು ಬಂದು, ಈ ಪೇಸ್ಟು ಯಾಕೋ ವಿಭೂತಿ ವಾಸನೆ ಬರ್ತಿದೆಯಲ್ಲ ಅಂದರು.